ಕೊನೆಯ ಹದಿನಾರು ಪುಟ

ಆ ಪುಸ್ತಕ ಎಂದಾದರೊಂದು ದಿನ ತನ್ನ ಮೇಜಿಗೆ ವಾಪಸು ಬರುತ್ತದೆಂದು ಅವನು ಮೂವತ್ತೊಂದು ವರ್ಷ ಹೆದರಿದ್ದ. ಬಂದಾಗ ಅದು ಇನ್ನೂ ನಲವತ್ತು ಪುಸ್ತಕಗಳ ಜೊತೆ ಗೋಣಿಚೀಲದಲ್ಲಿ ಬಂತು, ಮೊದಲ ಪುಟದ ಮೇಲೆ ಗ್ರಂಥಾಲಯದ ನೇರಳೆ ಮೊಹರು ಹೊತ್ತು: ರದ್ದು. ಗ್ರಂಥಪಾಲಕಿ ಬಾಗಿಲಲ್ಲೇ ನಿಂತು, "ರಟ್ಟು ಚೆನ್ನಾಗಿದ್ರೆ ಬಿಚ್ಚಿಟ್ಕೊಳ್ಳಿ, ಹಾಳೆಗಳನ್ನೆಲ್ಲ ಕಟ್ಟಿ ಒಂದು ಕಡೆ ಹಾಕಿ. ನಾಳೆ ರದ್ದಿ ಗಾಡಿ ಬರುತ್ತೆ" ಎಂದು ಹೇಳಿ ಹೋದಳು. ಮೂವತ್ತೊಂದು ವರ್ಷದ ಹೆದರಿಕೆಯ ಮುಖ ಇಷ್ಟು ಸಣ್ಣದಾಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಯಾರಾದರೂ ಬಂದು ಕೊರಳಪಟ್ಟಿ ಹಿಡಿದು ಕೇಳಿದ್ದರೆ ಚೆನ್ನಾಗಿತ್ತು. ಯಾರೂ ಕೇಳಲಿಲ್ಲ. ಹಸಿರು ರೆಕ್ಸಿನ್ನಿನ ಬೆನ್ನು ನೋಡಿದ ಕೂಡಲೇ ಅವನಿಗೆ ತನ್ನದೇ ಕೈಯ ಕೆಲಸವೆಂದು ತಿಳಿಯಿತು; ಆ ಕಾಲದಲ್ಲಿ ಅವನು ಬೆನ್ನಿನ ತುದಿಯನ್ನು ಸ್ವಲ್ಪ ಹೆಚ್ಚೇ ಮಡಚುತ್ತಿದ್ದ, ಹೊಸ ಬೈಂಡರುಗಳೆಲ್ಲ ಮಾಡುವಂತೆ. ಪಕ್ಕದಲ್ಲಿ ಅಂಟಿನ ಡಬ್ಬ ಆರುತ್ತಿತ್ತು. ಎತ್ತರದ ಕಿಟಕಿಯಿಂದ ಬಿದ್ದ ಬಿಸಿಲು ಮೇಜಿನ ಅರ್ಧಕ್ಕೆ ಬಂದು ನಿಂತಿತ್ತು, ಅಂದರೆ ಹನ್ನೊಂದೂವರೆ.

ಪುಸ್ತಕ ಕೈಗೆ ಬಂದರೆ ಮೊದಲು ಮಡಿಕೆ ಎಣಿಸುವುದು ಅವನ ಚಾಳಿ. ಹದಿನಾರು ಪುಟಕ್ಕೊಂದು ಮಡಿಕೆ. ಕಸುಬಿನವರು ಅದನ್ನು ಫಾರಂ ಅನ್ನುತ್ತಾರೆ. ಬೆನ್ನಿನ ಕಡೆ ಹೆಬ್ಬೆರಳು ಸವರಿಕೊಂಡು ಹೋದರೆ ಸಾಕು, ಕಣ್ಣು ಬೇಕಿಲ್ಲ. ಹದಿನೇಳು. ಹದಿನೇಳೇ ಎಂದು ಗೊತ್ತಿದ್ದೂ ಮತ್ತೊಮ್ಮೆ ಎಣಿಸಿದ, ಈ ಮಧ್ಯೆ ಹದಿನೆಂಟನೆಯದು ತಾನಾಗಿಯೇ ಬೆಳೆದುಕೊಂಡಿರಬಹುದು ಅನ್ನುವಂತೆ. ಇನ್ನೂರ ಎಪ್ಪತ್ತೆರಡನೆಯ ಪುಟದ ಕೊನೆಯ ಸಾಲು ಅವನಿಗೆ ಬಾಯಿಪಾಠ: ಬಾಗಿಲು ಬಡಿದ ಸದ್ದಾಯಿತು, ಅವಳು ಕೂದಲು ಸರಿಮಾಡಿಕೊಂಡು ಎದ್ದಳು. ಅಷ್ಟಕ್ಕೆ ಪುಟ ಮುಗಿಯುತ್ತಿತ್ತು, ಎಷ್ಟು ನೀಟಾಗಿ ಎಂದರೆ ಬರೆದವನೇ ಅಲ್ಲಿ ನಿಲ್ಲಿಸಿದ್ದಾನೆಂದು ಯಾರಾದರೂ ನಂಬಬೇಕು. ಅದರ ಕೆಳಗೆ ಓದುಗರು ಪೆನ್ಸಿಲಿನಲ್ಲಿ ಬರೆದಿದ್ದರು. 'ಯಾರು?' ಎಂದೊಬ್ಬರು. 'ಗಂಡನೇ. ಮತ್ಯಾರು?' ಎಂದು ಅದರ ಕೆಳಗೆ ದುಂಡಕ್ಷರದಲ್ಲಿ. 'ಹಾಲಿನವನು' ಎಂದೊಬ್ಬ ತರಲೆ. 'ಪುಣ್ಯಾತ್ಮ, ಹೀಗೆ ನಡುನೀರಲ್ಲಿ ಕೈಬಿಡಬಹುದೇ?' ಎಂದು ಮತ್ಯಾರೋ. ಅದು ಬರೆದವನಿಗೆ ಹೇಳಿದ ಮಾತು, ಆದರೆ ಅವನಿಗೆ ತನ್ನನ್ನೇ ಕೇಳಿದಂತಾಯಿತು. ಎಲ್ಲಕ್ಕಿಂತ ಕೆಳಗೆ, ನೀಲಿ ಶಾಯಿಯಲ್ಲಿ, ಒತ್ತಿ ಬರೆದ ಯಾರೋ ಮೇಷ್ಟರ ಅಕ್ಷರ: 'ಕೊನೆಯ ಫಾರಂ ಇಲ್ಲ. ಬೈಂಡರನ ಬೇಜವಾಬ್ದಾರಿ.' ಅದನ್ನು ಓದಿ ಅವನ ಕಿವಿ ಬಿಸಿಯಾಯಿತು. ಬೇಜವಾಬ್ದಾರಿಯೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು.

ತಪ್ಪು ಆದದ್ದು ಹೀಗೆ. ಈ ಭಾಗವನ್ನು ಅವನು ಯಾವ ನ್ಯಾಯಾಲಯದಲ್ಲಿ ಬೇಕಾದರೂ ಹೇಳಿಯಾನು, ಯಾಕೆಂದರೆ ಇದರಲ್ಲಿ ಅವನ ಪಾಪವೇನೂ ಇಲ್ಲ. ಹೆಂಡತಿ ತೀರಿಹೋಗಿ ಆರು ತಿಂಗಳಾಗಿತ್ತು. ಮಗುವಿಗೆ ಹಲ್ಲು ಬರುತ್ತಿದ್ದ ಕಾಲ, ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಈ ಕಾದಂಬರಿಯ ಕೊನೆಯ ಫಾರಂ ಮಡಿಕೆಯಲ್ಲೇ ಹರಿದು ಬಂದಿತ್ತು. ಅದಕ್ಕೆ ತೆಳು ಕಾಗದದ ಪಟ್ಟಿ ಅಂಟಿಸಿ, ಎರಡು ರಟ್ಟುಗಳ ನಡುವೆ ಇಟ್ಟು, ಮೇಲೆ ಕಲ್ಲು ಹೇರಿ ಒಣಗಲು ಬಿಟ್ಟ. ಅಷ್ಟರಲ್ಲಿ ಮಗುವಿಗೆ ಜ್ವರ ಏರಿದೆ ಎಂದು ಮನೆಯಿಂದ ಕರೆ ಬಂತು, ಓಡಿದ. ಮಾರನೆಯ ದಿನ ಬಂದು, ತೂಕಡಿಸುತ್ತಲೇ, ಮೇಜಿನ ಮೇಲೆ ಎಷ್ಟು ಫಾರಂ ಇತ್ತೋ ಅಷ್ಟನ್ನು ಹೊಲಿದ. ಎಣಿಸಲಿಲ್ಲ. ಇಡೀ ಆಯುಷ್ಯದಲ್ಲಿ ಅವನು ಎಣಿಸದೆ ಹೊಲಿದ ಪುಸ್ತಕ ಅದೊಂದೇ. ಒಣಗಿದ ಬೆನ್ನಿಗೆ ರೆಕ್ಸಿನ್ ಹಾಕಿ, ಅಕ್ಕ ಓದಲಿ ಎಂದು ಕಪಾಟಿಗೆ ಹೋಗುವ ಮುಂಚೆ ಮನೆಗೆ ಒಯ್ದ. ಹೊಸದಾಗಿ ಕಟ್ಟಿದ ಪುಸ್ತಕವನ್ನು ಮೊದಲು ಅಕ್ಕ ಓದುವುದು ಅವರಿಬ್ಬರ ನಡುವಿನ ರೂಢಿ. ಅಮ್ಮ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು ಅವಳು. ಮದುವೆಯಾಗಿ ಐದೇ ತಿಂಗಳಿಗೆ ಭಾವ, ಬೇರೆ ಊರಲ್ಲಿ ಕೆಲಸ ನೋಡಿಕೊಂಡು ಬರುತ್ತೇನೆಂದು ಹೋದ. ಮೂರು ಕಾಗದ ಬಂದವು, ನಾಲ್ಕನೆಯದು ಬರಲಿಲ್ಲ. ಅಕ್ಕ ಒಂದು ಟ್ರಂಕು ಮತ್ತು ಒಂದು ಹೊಲಿಗೆ ಮಶೀನಿನ ಜೊತೆ ತಮ್ಮನ ಮನೆಗೆ ಬಂದಳು. ಕೆಲವೇ ದಿನ ಎಂದು ಬಂದವಳು, ಟ್ರಂಕಿನ ಬಟ್ಟೆಯನ್ನು ಎರಡು ವರ್ಷ ಕಪಾಟಿಗೆ ಜೋಡಿಸಲೇ ಇಲ್ಲ.

ಕಾದಂಬರಿಯಲ್ಲೂ ಒಬ್ಬಳು ಕಾಯುತ್ತಿದ್ದಳು. ಹೋಗಿ ಬರುತ್ತೇನೆ ಎಂದು ಹೋದ ಗಂಡನಿಗಾಗಿ ಏಳು ವರ್ಷ, ಸೇತುವೆಯ ಪಕ್ಕದ ಮನೆಯ ಕಿಟಕಿಯಲ್ಲಿ. ಅವಳಿಗೊಂದು ಹೆಸರಿತ್ತು, ಆದರೆ ಅಕ್ಕ ಮೊದಲನೆಯ ದಿನದಿಂದಲೇ ಅವಳನ್ನು ಕಿಟಕಿಯವಳು ಎಂದಳು. ಮೂರೇ ದಿನಕ್ಕೆ ಓದಿ ಮುಗಿಸಿ, ಅನ್ನ ಬಡಿಸುತ್ತಾ, "ಬರೆದವನು ಬಲೇ ಕಿಲಾಡಿ ಕಣೋ, ಮುಗಿಯಿತು ಅಂತಾನೇ ಹಾಕಿಲ್ಲ! ಬಾಗಿಲು ಬಡಿದದ್ದು ಯಾರು ಅಂತ ನೀನೇ ಯೋಚನೆ ಮಾಡ್ಕೋ ಅಂತ ಬಿಟ್ಟುಬಿಟ್ಟಿದಾನೆ" ಎಂದಳು. ಅವನು ಅರ್ಧಂಬರ್ಧ ಕೇಳಿಸಿಕೊಂಡು ಹೂಂಗುಟ್ಟಿದ. ಅವಳ ಕಣ್ಣುಗಳು ಹೊಳೆಯುತ್ತಿದ್ದವು. ಎಷ್ಟೋ ತಿಂಗಳ ಮೇಲೆ ಅವಳು ಅಷ್ಟು ಮಾತಾಡಿದ್ದಳು. "ಅವಳು ಎದ್ದಳು ಅಂತ ಇದೆ, ಬಾಗಿಲು ತೆಗೆದಳು ಅಂತ ಇಲ್ಲ, ಗಮನಿಸಿದ್ಯಾ? ಅಂದ್ರೆ ಅವಳಿನ್ನೂ ಹೋಗ್ತಾನೇ ಇದಾಳೆ ಬಾಗಿಲ ಕಡೆ. ಪಾಪ, ನಾವಿಲ್ಲಿ ಊಟ ಮಾಡ್ತಾ ಇದೀವಿ."

ಮಾರನೆಯ ತಿಂಗಳು, ಬೇರೆ ಏನನ್ನೋ ಒಣಗಿಸಲು ಕಲ್ಲೆತ್ತಿದಾಗ, ರಟ್ಟುಗಳ ನಡುವೆ ಆ ಫಾರಂ ಸಿಕ್ಕಿತು. ಚೊಕ್ಕಟವಾಗಿ ಒಣಗಿತ್ತು. ಅವನು ನಿಂತಲ್ಲೇ ಹದಿನಾರು ಪುಟವನ್ನೂ ಓದಿದ, ಕೊನೆಯಲ್ಲಿದ್ದ ಮುಗಿಯಿತು ಅನ್ನುವವರೆಗೆ. ನಕ್ಕ ಕೂಡ. ಸಂಜೆ ಅಕ್ಕನಿಗೆ ತೋರಿಸಬೇಕು, ಎಂಥ ಕೆಲಸ ಮಾಡಿದೆ ನೋಡು ಎಂದು ತಲೆ ಚಚ್ಚಿಕೊಳ್ಳಬೇಕು, ಅವಳು ಬೆನ್ನಿಗೆ ಗುದ್ದಬೇಕು ಎಂದೆಲ್ಲ ಅಂದುಕೊಂಡು ಅದನ್ನು ಬ್ಯಾಗಿಗೆ ಹಾಕಿಕೊಂಡ. ಮನೆಗೆ ಹೋದರೆ ಅಕ್ಕ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಕೈಯಲ್ಲೊಂದು ಕಾಗದ ಹಿಡಿದು ಹೊಸ್ತಿಲಲ್ಲೇ ನಿಂತಿದ್ದಳು. ಅವಳ ಹೊಲಿಗೆ ನೋಡಿ ಮೆಚ್ಚಿದ್ದ ಒಬ್ಬ ಮುಖ್ಯೋಪಾಧ್ಯಾಯಿನಿ ಬರೆದಿದ್ದರು. ದೂರದೊಂದು ಊರಿನಲ್ಲಿ ಹೊಲಿಗೆ ಶಾಲೆ, ಕಲಿಸುವ ಕೆಲಸ, ಇರಲು ಕೋಣೆ. ಅಕ್ಕ ಅದನ್ನು ಪೂರ್ತಿ ಓದಿ ಹೇಳಿದಳು, ಏನೇನೋ ವಿವರಗಳಿದ್ದವು, ಅವನಿಗೆ ಒಂದೂ ಕೇಳಿಸಲಿಲ್ಲ. ಅವನಿಗೆ ಕೇಳಿಸುತ್ತಿದ್ದದ್ದು ಮಗು ಅಕ್ಕನ ಕೊರಳ ಸರವನ್ನು ಚೀಪುವ ಸದ್ದು. ಬೆಳಗ್ಗೆ ಇದಕ್ಕೆ ಹಾಲು ಕಾಯಿಸುವವರು ಯಾರು, ಬಟ್ಟೆ ಬದಲಾಯಿಸುವವರು ಯಾರು ಎಂದು ಮನಸ್ಸು ಒಂದೊಂದನ್ನೇ ಎಣಿಸತೊಡಗಿತು. ಪುಸ್ತಕ ಎಣಿಸುವುದನ್ನು ಮರೆತವನು ಇದನ್ನು ಮಾತ್ರ ಮರೆಯಲಿಲ್ಲ.

"ಹೋಗ್ಬೇಕು ಅನ್ಸುತ್ತೆ," ಎಂದಳು ಅಕ್ಕ. "ಆದ್ರೆ ನಾನು ಅಲ್ಲಿರೋವಾಗ ಅವರು ಇಲ್ಲಿಗೆ ಬಂದ್ರೆ? ಕಿಟಕಿಯವಳಾಗಿದ್ರೆ ಹೋಗ್ತಿರ್ಲಿಲ್ಲ ನೋಡು. ಕೊನೆವರೆಗೂ ಇದ್ಲು, ಅದಕ್ಕೇ ಬಾಗಿಲು ಬಡಿದ ಸದ್ದು ಅವಳಿಗೆ ಕೇಳಿಸ್ತು." ತನ್ನ ಮಾತಿಗೆ ತಾನೇ ನಾಚಿಕೊಂಡು ನಕ್ಕಳು. "ಎಂಥ ಹುಚ್ಚು ಅಲ್ವಾ, ಕಥೆ ಪುಸ್ತಕದವಳ ಹತ್ರ ಸಲಹೆ ಕೇಳೋದು! ನೀನೇನ್ ಹೇಳ್ತೀಯ?"

ಬ್ಯಾಗು ಹೆಗಲಲ್ಲೇ ಇತ್ತು. ಆ ಕಾಗದ ಅವಳ ಕೈಯಲ್ಲಿ, ಈ ಕಾಗದ ಇವನ ಬ್ಯಾಗಿನಲ್ಲಿ. ಅವನು ಬಗ್ಗಿ ಚಪ್ಪಲಿ ಬಿಚ್ಚುತ್ತಾ, ಅವಳ ಮುಖ ನೋಡದೆ, "ನಿನ್ನಿಷ್ಟ ಅಕ್ಕ" ಎಂದ.

ನಿನ್ನಿಷ್ಟ. ಈ ಮಾತಿನಷ್ಟು ಮರ್ಯಾದೆಯ ಬೀಗ ಭಾಷೆಯಲ್ಲಿ ಇನ್ನೊಂದಿಲ್ಲ. ಹೋಗಬೇಡ ಎಂದಿದ್ದರೆ ಅವಳು ಜಗಳವಾಡಿಯಾದರೂ ಹೋಗುತ್ತಿದ್ದಳೇನೋ. ಹೋಗು ಎಂದಿದ್ದರೆ ಹೋಗಿಯೇ ಬಿಡುತ್ತಿದ್ದಳು. ಅವಳು ಸ್ವಲ್ಪ ಹೊತ್ತು ಅವನ ಬಗ್ಗಿದ ತಲೆಯನ್ನೇ ನೋಡುತ್ತಿದ್ದು, "ಇಲ್ಲ ಬಿಡು, ಇದಕ್ಕೆ ನಡೆಯೋಕಾದ್ರೂ ಬರ್ಲಿ" ಎಂದು ಮಗುವಿನ ಕೆನ್ನೆ ಹಿಂಡಿದಳು. ಮಾರನೆಯ ದಿನ ಆ ಕಾಗದ ಒಲೆ ಹಚ್ಚಲು ಹೋಯಿತು. ಮಗು ನಡೆಯಿತು, ಓಡಿತು, ಶಾಲೆಗೆ ಹೋಯಿತು, ಈಗ ಒಂದು ಶಾಲೆಯಲ್ಲಿ ಮಕ್ಕಳಿಗೆ ಗಣಿತ ಕಲಿಸುತ್ತದೆ, ಎರಡು ಬೀದಿ ಆಚೆ ಮನೆ ಮಾಡಿದೆ, ದಿನಕ್ಕೆರಡು ಸಲ ಫೋನ್ ಮಾಡಿ ಅತ್ತೆಯ ಕಣ್ಣಿಗೆ ಹನಿ ಹಾಕಿದಿರಾ ಎಂದು ಕೇಳುತ್ತದೆ. ಇನ್ನೊಂದು ಕಾಗದ ಮಾತ್ರ ಅವನ ಮೇಜಿನ ಖಾನೆಯ ತಳದಲ್ಲಿ, ಹಾಸಿದ ಕಂದು ಹಾಳೆಯ ಕೆಳಗೆ, ಮಲಗಿಯೇ ಇತ್ತು.

ಒಂದು ಕಥೆ ಓದಿ ಯಾರಾದರೂ ಮನೆ ಬಿಟ್ಟು ಹೋಗುತ್ತಾರೆಯೇ ಎಂದು ಅವನು ತನ್ನನ್ನು ತಾನೇ ಎಷ್ಟೋ ಸಲ ಕೇಳಿಕೊಂಡಿದ್ದಾನೆ. ಹೋಗುವುದಿಲ್ಲ. ಹಾಗಾದರೆ ಬಚ್ಚಿಟ್ಟದ್ದು ಯಾಕೆ? ಇಲ್ಲಿಗೆ ಬಂದು ಅವನ ವಕೀಲಿಕೆ ನಿಂತುಬಿಡುತ್ತಿತ್ತು. ಮೂರು ವರ್ಷದ ಮೇಲೆ ಕೌಂಟರಿನಿಂದ ಒಂದು ಚೀಟಿ ಬಂತು, ಕೊನೆಯ ಹಾಳೆಗಳಿಲ್ಲವೆಂದು ಓದುಗರ ದೂರು, ಪರಿಶೀಲಿಸಿ. ಅವನು ಅದರ ಹಿಂದೆ, ತನ್ನ ಅತ್ಯಂತ ಸುಂದರ ಅಕ್ಷರದಲ್ಲಿ, 'ಬಂದಾಗಲೇ ಇರಲಿಲ್ಲ' ಎಂದು ಬರೆದು ಸಹಿ ಹಾಕಿ ಕಳಿಸಿದ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯಿತು. ಜಗತ್ತು ನಿಜವಾಗಿಯೂ ನೋಡಲಿಲ್ಲ.

ನೋಡದಿದ್ದರೂ ಆ ಪುಸ್ತಕ ಅವರ ಮನೆ ಬಿಟ್ಟು ಹೋಗಲಿಲ್ಲ. ಸಂಜೆ ಪಾತ್ರೆ ತೊಳೆದಾದ ಮೇಲೆ ಅಕ್ಕ ಮಶೀನಿನ ಮುಂದೆ ಕೂತು, ಸೂಜಿಗೆ ದಾರ ಪೋಣಿಸುತ್ತಾ, "ಕಿಟಕಿಯವಳು ಈಗ ಏನ್ ಮಾಡ್ತಿರ್ಬಹುದು?" ಎನ್ನುವಳು. ಅದು ಅವರ ಆಟ. ಮೊದಮೊದಲು ಬಾಗಿಲು ಬಡಿದವನು ಯಾರು ಎಂಬುದೇ ಆಟ. ಒಂದು ದಿನ ಪೋಸ್ಟಿನವನು, ಒಂದು ದಿನ ತಪ್ಪು ವಿಳಾಸಕ್ಕೆ ಬಂದ ನೆಂಟ, ಒಂದು ದಿನ ಸೊಕ್ಕಿನ ಅತ್ತೆ. ಅವನು ಎಲ್ಲರ ದನಿಯಲ್ಲೂ ಮಾತಾಡಿ ತೋರಿಸುತ್ತಿದ್ದ, ಮಗಳು ಉರುಳಾಡಿ ನಗುತ್ತಿದ್ದಳು. ಗಂಡ ಮಾತ್ರ ಎಂದೂ ಬರುತ್ತಿರಲಿಲ್ಲ, ಅದನ್ನು ಇಬ್ಬರೂ ಮಾತಿಲ್ಲದೆ ಒಪ್ಪಿಕೊಂಡಿದ್ದರು. ವರ್ಷ ಕಳೆದ ಹಾಗೆ ಬಾಗಿಲ ಸದ್ದು ಹಿಂದಾಯಿತು, ಕಿಟಕಿಯವಳು ಅಕ್ಕನ ಜೊತೆಜೊತೆಗೇ ಮುದುಕಿಯಾಗತೊಡಗಿದಳು. "ಅವಳಿಗೂ ಮಂಡಿ ನೋವು ಶುರುವಾಗಿರುತ್ತೆ ಬಿಡು, ಆ ಮನೆ ಮೆಟ್ಟಿಲು ಕಡಿದಾಗಿತ್ತು." "ಇಷ್ಟು ಹೊತ್ತಿಗೆ ಆ ಕಿಟಕಿ ಮರ ಗೆದ್ದಲು ಹಿಡಿದಿರುತ್ತೆ." "ಅವಳಿಗೂ ಕನ್ನಡಕ ಬಂದಿರುತ್ತೆ ಕಣೋ." ಅವನು ಹೂಂ ಎನ್ನುತ್ತಿದ್ದ. ಆ ಕಿಟಕಿಯಲ್ಲಿ ಯಾರೂ ಇಲ್ಲ ಎಂದು ಇಡೀ ಮನೆಯಲ್ಲಿ ಗೊತ್ತಿದ್ದವನು ಅವನೊಬ್ಬನೇ. ಅವಳು ಎದ್ದು ಹೋಗಿ ಎಷ್ಟೋ ಕಾಲವಾಯಿತು ಅಕ್ಕ, ನೀನು ಖಾಲಿ ಕಿಟಕಿಗೆ ವಯಸ್ಸು ಕೊಡುತ್ತಿದ್ದೀಯ ಎಂದು ಹೇಳಲು ಬಾಯಿ ತೆರೆದು, ಆಕಳಿಸಿ, ಮುಚ್ಚುತ್ತಿದ್ದ.

ಕಳೆದ ತಿಂಗಳು ಡಾಕ್ಟರು ಎಡಗಣ್ಣಿನಲ್ಲಿ ಉಳಿದಿದ್ದ ಬೆಳಕೂ ಇನ್ನಿಲ್ಲವೆಂದರು. ಬಲಗಣ್ಣು ಹೋಗಿ ವರ್ಷವಾಗಿತ್ತು. ಆಟೋದಲ್ಲಿ ಬರುವಾಗ ಅಕ್ಕ ಅವನ ಮೊಣಕೈ ಹುಡುಕಿ ಹಿಡಿದುಕೊಂಡು, "ಅವಳಿಗೂ ಕಣ್ಣು ಹೋಗಿರುತ್ತಾ?" ಎಂದು ಕೇಳಿದಳು. ಅವನಿಗೆ ಅಳು ಬಂತು. ಅತ್ತ. ಅವಳಿಗೆ ಕಾಣಿಸುವುದಿಲ್ಲ ಎಂಬುದು ಆ ಕ್ಷಣಕ್ಕೆ ಅನುಕೂಲವಾಯಿತು, ಅದಕ್ಕಾಗಿಯೂ ನಾಚಿಕೆಯಾಯಿತು.

ಮಧ್ಯಾಹ್ನ ಊಟದ ಡಬ್ಬಿ ತೆರೆಯದೆ ಅವನು ಖಾನೆ ಎಳೆದ. ಕಂದು ಹಾಳೆ ಎತ್ತಿದ. ಹದಿನಾರು ಪುಟ ಬೆಳ್ಳಗೆ, ಗರಿಗರಿಯಾಗಿ, ನಿನ್ನೆ ಅಚ್ಚಾದಂತಿತ್ತು. ಓದಿಸಿಕೊಂಡ ಇನ್ನೂರ ಎಪ್ಪತ್ತೆರಡು ಪುಟಗಳು ಬೆವರಿಗೆ, ಎಂಜಲು ಬೆರಳಿಗೆ, ಬೆಳಕಿಗೆ ಸಿಕ್ಕು ಹಳದಿಯಾಗಿ, ಮೂಲೆ ಮಡಚಿ, ಮೆತ್ತಗಾಗಿದ್ದವು. ಅವನು ಹಸಿರು ರಟ್ಟನ್ನು ಬಿಡಿಸಿ, ಹಳೆಯ ದಾರ ಕತ್ತರಿಸಿ, ಹದಿನೇಳನ್ನೂ ಒಂದರ ಮೇಲೊಂದು ಇಟ್ಟ. ಎಣಿಸಿದ. ಹದಿನೆಂಟನೆಯದನ್ನು ಇಟ್ಟು ಮತ್ತೆ ಎಣಿಸಿದ. ದಾರಕ್ಕೆ ಮೇಣ ಹಚ್ಚಿ ಹೊಲಿಯತೊಡಗಿದ. ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು, ಮೂವತ್ತು ವರ್ಷದಲ್ಲಿ ಚುಚ್ಚಿರಲಿಲ್ಲ. ಹೇಳಿಬಿಡಬೇಕು. ಓದುವುದು, ಆಮೇಲೆ ಹೇಳುವುದು. ಇಲ್ಲ, ಹೇಳಿ ಆಮೇಲೆ ಓದುವುದು. ಅಕ್ಕ, ಇದು ನನ್ನ ಹತ್ತಿರವೇ ಇತ್ತು; ನೀನು ಕಾಗದ ಹಿಡಿದು ನಿಂತಿದ್ದೆಯಲ್ಲ, ಆವತ್ತು ನನ್ನ ಬ್ಯಾಗಿನಲ್ಲಿತ್ತು. ಬೆನ್ನಿಗೆ ಅಂಟು ಬಳಿಯುವಾಗ ಈ ವಾಕ್ಯವನ್ನು ಅವನು ಬಾಯಲ್ಲಿ ಹೇಳಿ ನೋಡಿಕೊಂಡ. ಖಾಲಿ ಕೋಣೆಯಲ್ಲಿ ಸರಾಗವಾಗಿ ಬಂತು.

ಗೇಟಿನಲ್ಲಿ ವಾಚ್‌ಮನ್ ಕೈ ಅಡ್ಡ ಹಿಡಿದ. "ಬ್ಯಾಗ್ ತೋರಿಸ್ಬೇಕು ಬೈಂಡರ್ ಸಾರ್. ಇವತ್ತಿಂದ ಹೊಸ ರೂಲ್ಸು." ಹಿಂದೆ ನಾಲ್ಕೈದು ಜನ ಓದುಗರು ನಿಂತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಅವನು ಕೇಳುವ ಮುಂಚೆಯೇ, "ರದ್ದಾಗಿರೋದು, ಇದು ರದ್ದಾಗಿರೋದೇ" ಎಂದ. "ರದ್ದಿ ಆದ್ರೇನು, ಲೈಬ್ರರೀದೇ ಅಲ್ವಾ ಸಾರ್?" ಎಂದು ವಾಚ್‌ಮನ್ ಪುಸ್ತಕ ತಿರುಗಿಸಿ ಮುರುಗಿಸಿ ನೋಡಿ ಗ್ರಂಥಪಾಲಕಿಯನ್ನು ಕರೆದ. ಅವಳು ಮಗಳಿಗಿಂತ ಚಿಕ್ಕವಳು. ಮೆಟ್ಟಿಲಿಳಿದು ಬಂದವಳ ಮುಖದಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು, ಅದೇ ಹೆಚ್ಚು ಕಷ್ಟವಾಯಿತು. "ಇದನ್ನ್ಯಾಕೆ ತಗೊಂಡ್ ಹೋಗ್ತೀರ? ಹೊಸದು ಬೇಕಿದ್ರೆ ನಾನೇ ಕೊಡ್ತಿದ್ನಲ್ಲ. ಇದಕ್ಕೆ ಕೊನೇನೇ ಇಲ್ಲ ಅಂತೆ." "ಅಕ್ಕನಿಗೆ ಓದಿ ಹೇಳೋಕೆ," ಎಂದ. "ಹೋಗ್ಲಿ ಬಿಡು, ಕಳಿಸು" ಎಂದು ವಾಚ್‌ಮನ್‌ಗೆ ಹೇಳಿ ಅವಳು ಮೆಟ್ಟಿಲು ಹತ್ತಿದಳು. ಮೂವತ್ತೈದು ವರ್ಷ ದುಡಿದ ಜಾಗದಿಂದ ಅವನು ಕಳ್ಳನ ಹಾಗೆ ಹೊರಬಿದ್ದ. ಕಳ್ಳನೇ ಎಂಬುದು ಗೊತ್ತಿದ್ದರಿಂದ ಅಷ್ಟೇನೂ ನೋವಾಗಲಿಲ್ಲ. ಕದ್ದ ಮಾಲು ಬೇರೆ, ಅಷ್ಟೇ.

ಮನೆಗೆ ಬಂದಾಗ ಇನ್ನೂ ಐದು ಗಂಟೆ. ಅಕ್ಕ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಕಾಣಿಸದಿದ್ದರೂ ಬೀದಿಯ ಕಡೆ ಮುಖ ಮಾಡಿ, ಹಳೇ ದಿಂಬಿನ ಕವರಿಗೆ ಗುಂಡಿ ಹಾಕುತ್ತಿದ್ದಳು. ಗುಂಡಿ ಸೊಟ್ಟಗಿರಲಿಲ್ಲ. ಹೊದಿಕೆ ಮುಚ್ಚಿದ ಮಶೀನಿನ ಮೇಲೆ ಕಣ್ಣಿನ ಹನಿಯ ಬಾಟಲಿ. ಚಪ್ಪಲಿ ಬಿಡುವ ಸದ್ದಿಗೇ, "ಬೇಗ ಬಂದ್ಯಲ್ಲ, ಸಾಹೇಬ್ರು ಕೆಲಸದಿಂದ ತೆಗೆದ್ರಾ?" ಎಂದು ನಕ್ಕಳು. ಅವನು ನೀರು ಕುಡಿದ. ಇನ್ನೊಂದು ಲೋಟ ಕುಡಿದ. "ಅಕ್ಕ, ಕಿಟಕಿಯವಳ ಪುಸ್ತಕ ಸಿಕ್ತು" ಎಂದ.

ಅವಳು ಸೂಜಿಯನ್ನು ದಿಂಬಿಗೆ ಚುಚ್ಚಿಟ್ಟು ಎರಡೂ ಕೈ ಚಾಚಿದಳು. ಪುಸ್ತಕ ತೆಗೆದುಕೊಂಡು ಮೊದಲು ಮೂಸಿದಳು. ರಟ್ಟನ್ನು ಸವರಿದಳು. "ಓದು," ಎಂದಳು, "ಪೂರ್ತಿ ಬೇಡ. ಕೊನೇದು ಓದು, ಬಾಗಿಲು ಬಡಿಯೋದು."

ಮೊದಲು ಹೇಳುವುದು, ಆಮೇಲೆ ಓದುವುದು ಎಂದುಕೊಂಡಿದ್ದ. ಬಾಯಿ ಓದತೊಡಗಿತು. ಬಾಗಿಲು ಬಡಿದ ಸದ್ದಾಯಿತು, ಅವಳು ಕೂದಲು ಸರಿಮಾಡಿಕೊಂಡು ಎದ್ದಳು. ಅಕ್ಕ ಎಂದಿನಂತೆ ನಿಟ್ಟುಸಿರು ಬಿಟ್ಟು ಹಿಂದಕ್ಕೆ ಒರಗಿದಳು. ಅವನು ಪುಟ ತಿರುಗಿಸಿದ. ಅಕ್ಕ ತಲೆಯೆತ್ತಿದಳು. ಬಾಗಿಲಲ್ಲಿ ನಿಂತಿದ್ದವನು ಗಂಡ, ಎಂದು ಓದಿದ. ಅವನ ಕೂದಲು ನೆರೆತಿತ್ತು, ಶೂ ಮಾತ್ರ ಹೊಸದು. ಅವಳು ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ಏಳು ವರ್ಷ ಎಲ್ಲೆಲ್ಲಿದ್ದೆ, ಯಾಕೆ ಬರೆಯಲಿಲ್ಲ, ಎಲ್ಲವನ್ನೂ ಅವನು ಹೇಳಿದ. ಎಲ್ಲಕ್ಕೂ ಕಾರಣವಿತ್ತು, ಒಂದೂ ಸುಳ್ಳಾಗಿರಲಿಲ್ಲ. ಅವಳು ಕೇಳಿಸಿಕೊಂಡಳು. ಒಲೆಯ ಮೇಲೆ ಹಾಲಿಟ್ಟಳು. ಇಷ್ಟು ವರ್ಷ ತಾನು ಕಾದದ್ದು ಇವನಿಗಲ್ಲ, ಈ ಸದ್ದಿಗೆ. ಸದ್ದು ಆಯಿತು, ಇನ್ನು ಕಾಯುವುದಕ್ಕೇನೂ ಇಲ್ಲ ಎಂದು ಅವಳಿಗೆ ಅನ್ನಿಸಿತು. ಹಾಲು ಉಕ್ಕದ ಹಾಗೆ ನೋಡಿಕೊಳ್ಳಿ, ಈಗ ಬಂದೆ, ಎಂದು ಹೇಳಿ ಕೊಡೆ ತೆಗೆದುಕೊಂಡು ಹೊರಟಳು. ಅಕ್ಕ ಇಲ್ಲಿ ಗಟ್ಟಿಯಾಗಿ ನಕ್ಕುಬಿಟ್ಟಳು. ಅವನು ನಿಲ್ಲಿಸದೆ ಸೇತುವೆಯವರೆಗೆ ಓದಿದ, ಬಸ್ಸು ನಿಂತದ್ದು, ಎಲ್ಲಿಗೆ ಹೋಗುತ್ತದೆ ಎಂದು ಅವಳು ಕೇಳದೇ ಹತ್ತಿದ್ದು, ಕಿಟಕಿಯ ಪಕ್ಕದ ಸೀಟು ಖಾಲಿ ಇದ್ದರೂ ಈ ಕಡೆಯ ಸೀಟಿನಲ್ಲಿ ಕೂತದ್ದು. ಅದರ ಕೆಳಗೆ ಮುಗಿಯಿತು ಎಂದಿತ್ತು. ಆ ಒಂದು ಪದ ಅವನ ಬಾಯಿಂದ ಹೊರಡಲಿಲ್ಲ.

ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಹೊಡೆದುಕೊಂಡು ಹೋದರು. ಅಕ್ಕ ಕೈ ಚಾಚಿ, ಪುಸ್ತಕ ತೊಡೆಯ ಮೇಲೆ ಇಟ್ಟುಕೊಂಡು, ಕೊನೆಯ ಹಾಳೆಗಳ ಮೇಲೆ ಬೆರಳಾಡಿಸಿದಳು. ಮೊದಲಿನ ಹಾಳೆಗಳನ್ನು ಮುಟ್ಟಿದಳು, ಮತ್ತೆ ಇವನ್ನು ಮುಟ್ಟಿದಳು. ಬೆನ್ನಿನ ಒಳಗೆ ಬೆರಳಿಟ್ಟು, ತೆಗೆದು, ಹೆಬ್ಬೆರಳಿಗೆ ಉಜ್ಜಿ ನೋಡಿದಳು. ಮೂವತ್ತು ವರ್ಷ ಬೈಂಡರನ ಜೊತೆ ಬಾಳಿದ ಬೆರಳು.

"ಅಂಟು ಇನ್ನೂ ಹಸಿ ಇದೆ," ಎಂದಳು. "ಈ ಹಾಳೆ ಹೊಸದು. ಯಾರ ಕೈಯೂ ಬಿದ್ದಿಲ್ಲ ಇದರ ಮೇಲೆ." ಅವಳ ಮುಖ ನಿಧಾನವಾಗಿ ಅರಳಿತು. "ನೀನ್ ಬರೆದಿದ್ದಾ? ನಂಗೋಸ್ಕರ ಬರೆದು, ಹೊಲಿದು ತಂದ್ಯಾ?"

ಅವನಿಗೆ ಮಧ್ಯಾಹ್ನ ಅಭ್ಯಾಸ ಮಾಡಿದ್ದ ವಾಕ್ಯ ನೆನಪಿಗೆ ಬಂತು. "ಅಕ್ಕ," ಎಂದ.

"ಯಾವತ್ತೂ ಹೇಳ್ತಿದ್ದೆ ನಿಂಗೆ ಬರೆಯೋ ಕೈ ಇದೆ ಅಂತ. ಎಷ್ಟು ಚೆನ್ನಾಗಿದೆಯೋ ಮಾರಾಯ! ಹಾಲು ನೋಡ್ಕೊಳ್ಳಿ ಅಂದ್ಳಲ್ಲ, ಅಬ್ಬ! ಏಳು ವರ್ಷ ಕಾದೋಳು ಅವನು ಬಂದ ಮೇಲೆ ಹೋಗ್ತಾಳಾ ಅಂತ ಕೇಳ್ಬೇಡ, ಹೋಗ್ತಾಳೆ. ಹೋಗ್ಬಹುದು. ನಂಗೆ ಹೊಳೀಲೇ ಇಲ್ಲ ನೋಡು ಇಷ್ಟು ವರ್ಷ, ಹೀಗೂ ಹೋಗ್ಬಹುದು ಅಂತ." ಅವಳ ಬೆರಳು ಹಾಳೆಯ ಅಂಚಿನ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಿತ್ತು. "ಆವತ್ತೇ ಪುಸ್ತಕದಲ್ಲಿ ಹೀಗಿದ್ದಿದ್ರೆ ನಾನು ಆ ಹೊಲಿಗೆ ಶಾಲೆಗೆ ಹೋಗೇಬಿಡ್ತಿದ್ನೋ ಏನೋ." ತಮಾಷೆಗೆ ಹೇಳಿದಂತೆಯೇ ಹೇಳಿದಳು, ಹೇಳಿ ನಕ್ಕಳು. ನಗು ಅರ್ಧಕ್ಕೆ ನಿಂತಿತು. ಬೆರಳೂ ನಿಂತಿತು. ಕಾಣದ ಕಣ್ಣುಗಳನ್ನು ಅವನ ದನಿ ಬರುತ್ತಿದ್ದ ಕಡೆಗೆ ತಿರುಗಿಸಿ, "ಇದು ನೀನೇ ಬರೆದಿದ್ದು ತಾನೇ?" ಎಂದು ಕೇಳಿದಳು.

ಅವನು ಅವಳ ಕೈಗಳನ್ನು ನೋಡಿದ. ಮಗಳ ಲಂಗಗಳನ್ನು, ಅವನ ಅಂಗಿಗಳನ್ನು, ಬೀದಿಯವರ ಬಟ್ಟೆಗಳನ್ನೆಲ್ಲ ಹೊಲಿದ ಕೈ. ಹೌದೆಂದರೆ ಸುಳ್ಳು. ಅಲ್ಲವೆಂದರೆ ಮೂವತ್ತೊಂದು ವರ್ಷವನ್ನು ಈ ಕೈಗಳಿಂದ ಈಗ, ಸಂಜೆ ಐದೂವರೆಗೆ, ಕಿತ್ತುಕೊಳ್ಳಬೇಕು. ಕೊಡಲು ಅವನ ಹತ್ತಿರ ಬದಲಿಗೆ ಏನೂ ಇರಲಿಲ್ಲ. ಇದು ಕರುಣೆಯೋ ಹಳೆಯ ಹೇಡಿತನವೋ ಅವನಿಗೆ ತಿಳಿಯಲಿಲ್ಲ, ಎರಡಕ್ಕೂ ಒಂದೇ ದನಿ ಇತ್ತು.

"ಹೂಂ ಅಕ್ಕ. ನಾನೇ ಬರೆದಿದ್ದು."

"ಸದ್ಯ," ಎಂದಳು ಅಕ್ಕ.

ಅವಳು ಪುಸ್ತಕ ಮುಚ್ಚಿ, ಮೇಲೆ ಎರಡೂ ಕೈಗಳನ್ನು ಇಟ್ಟುಕೊಂಡು, ಹಿಂದಕ್ಕೆ ಒರಗಿದಳು. ಆಮೇಲೆ ಎಂದಿನ ಸಂಜೆಯ ದನಿಯಲ್ಲಿ, "ನೀನೂ ಮುಗಿಯಿತು ಅಂತ ಹಾಕಿಲ್ಲ ತಾನೇ? ಒಳ್ಳೇದಾಯ್ತು. ಹಾಗಾದ್ರೆ ಹೇಳು, ಆ ಬಸ್ಸು ಎಲ್ಲಿಗೆ ಹೋಯ್ತು?" ಎಂದಳು.

ಅವನು ನೆಲದ ಮೇಲೆ ಅವಳ ಕಾಲ ಹತ್ತಿರ ಕೂತ. "ಒಂದು ದೂರದ ಊರಿಗೆ," ಎಂದ. "ಅಲ್ಲೊಂದು ಹೊಲಿಗೆ ಶಾಲೆ ಇತ್ತು. ಅವಳನ್ನ ಕಲಿಸೋಕೆ ಇಟ್ಕೊಂಡ್ರು. ಇರೋಕೆ ಒಂದು ಕೋಣೆ ಕೊಟ್ರು. ಶಾಲೇಲಿ ಹತ್ತು ಮಶೀನು ಇತ್ತು..."

"ಹದಿನಾಲ್ಕು," ಎಂದಳು ಅಕ್ಕ.

ಅವನು ತಲೆಯೆತ್ತಿದ.

"ಹದಿನಾಲ್ಕು ಮಶೀನು. ಇಪ್ಪತ್ತೆರಡು ಜನ ಹುಡುಗೀರು. ಕೋಣೆಗೆ ಪೂರ್ವದ ಕಡೆ ಕಿಟಕಿ, ಕೆಳಗಡೆ ಬಾವಿ. ಕಾಗದದಲ್ಲಿ ಹಾಗೇ ಬರೆದಿದ್ರು." ಅವಳು ಬಗ್ಗಿ ಅವನ ತಲೆಯ ಮೇಲೆ ಕೈಯಿಟ್ಟು, ಚಿಕ್ಕಂದಿನಲ್ಲಿ ಮಾಡುತ್ತಿದ್ದಂತೆ ಕೂದಲನ್ನು ಒಂದು ಕಡೆಗೆ ನೇವರಿಸಿದಳು. "ಹೂಂ, ಹೇಳು. ಮೊದಲನೇ ದಿನ ಅವರಿಗೆ ಏನ್ ಕಲಿಸಿದ್ಲು?"